ಊಟದಲ್ಲಿ ಜಿಡ್ಡು: ಎಷ್ಟು, ಯಾವುದು

ಜಿಡ್ಡು ಎಂದರೆ ಬಾಣಲೆಗೆ ಬಿಡುವ ಎಣ್ಣೆ, ಅನ್ನಕ್ಕೆ ಬಡಿಸುವ ತುಪ್ಪ, ಬೆಣ್ಣೆ ಇಷ್ಟೇ ಅಲ್ಲ. ಹಾಲು, ಮೊಸರು, ತೆಂಗಿನಕಾಯಿ, ಕಡಲೆಕಾಯಿ, ಎಳ್ಳು, ಮೊಟ್ಟೆ, ಮೀನು, ಮಾಂಸಗಳಲ್ಲಿ ಅಡಗಿರುವುದೂ ಜಿಡ್ಡೇ. ಅಕ್ಕಿ, ರಾಗಿ, ಬೇಳೆಗಳಲ್ಲಿ ಚೂರುಪಾರು ಇರುವುದೂ ಜಿಡ್ಡೇ. ಪಠ್ಯಪುಸ್ತಕಗಳಲ್ಲಿ ಇದರ ಹೆಸರು ಕೊಬ್ಬು ಅಥವಾ ಮೇದಸ್ಸು. ಕೊಬ್ಬು ಎಂಬ ಮಾತಿಗೆ ಕನ್ನಡದಲ್ಲಿ ಸೊಕ್ಕು ಎಂಬ ಅರ್ಥವೂ ಅಂಟಿಕೊಂಡಿರುವುದರಿಂದ, ತಟ್ಟೆಯಲ್ಲಿರುವುದಕ್ಕೆ ಜಿಡ್ಡು ಎಂಬ ಹೆಸರೇ ಒಪ್ಪುತ್ತದೆ. ಸಮತೋಲನ ಆಹಾರದಲ್ಲಿ ಇದು ಎಷ್ಟಿರಬೇಕು ಎಂದರೆ ಈಗ ಸಾಮಾನ್ಯವಾಗಿ ಸಿಗುವ ಉತ್ತರ, ವಯಸ್ಕರಿಗೆ ದಿನದ ಶಕ್ತಿಯ ಶೇ 20ರಿಂದ 30ರಷ್ಟು. ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕಿರುವವರಿಗೆ ಇದು 44ರಿಂದ 67 ಗ್ರಾಂ ಆಗುತ್ತದೆ. ಆದರೆ ಈ ಒಂದೇ ಅಂಕಿಯನ್ನು ನೆಚ್ಚಿಕೊಂಡವರು ಕಳೆದ ಐವತ್ತು ವರ್ಷಗಳಲ್ಲಿ ಹಲವು ಸಲ ದಾರಿ ತಪ್ಪಿದ್ದಾರೆ. ಜಿಡ್ಡನ್ನು ತೆಗೆದ ಜಾಗಕ್ಕೆ ಏನು ಬಂತು ಎಂದು ವಿಚಾರಿಸದೆ ಎಷ್ಟು ತೆಗೆದೆವು ಎಂದು ಲೆಕ್ಕ ಹಾಕಿದ್ದೇ ಆ ತಪ್ಪು.

ದೇಹಕ್ಕೆ ಏಕೆ ಬೇಕು

ಒಂದು ಗ್ರಾಂ ಜಿಡ್ಡಿನಲ್ಲಿ 9 ಕಿಲೋಕ್ಯಾಲೊರಿ ಶಕ್ತಿಯಿದೆ. ಪಿಷ್ಟ, ಸಕ್ಕರೆ, ಪ್ರೋಟೀನುಗಳಲ್ಲಿ 4 ಮಾತ್ರ. ತೂಕ ಹೆಚ್ಚುವ ಭಯಕ್ಕೂ ಹಸಿದ ಮಗುವಿಗೆ ಅದು ವರವಾಗುವುದಕ್ಕೂ ಕಾರಣ ಇದೇ. ಎಳೆಯ ಮಕ್ಕಳ ಹೊಟ್ಟೆ ಚಿಕ್ಕದು, ರಾಗಿ ಸರಿಯನ್ನು ಬಟ್ಟಲುಗಟ್ಟಲೆ ತಿನ್ನಿಸಲಾಗದು. ಅದಕ್ಕೆ ಒಂದು ಚಮಚ ತುಪ್ಪ ಬಿದ್ದರೆ ಅಷ್ಟೇ ತುತ್ತಿನಲ್ಲಿ ನಲವತ್ತು ಕ್ಯಾಲೊರಿ ಹೆಚ್ಚು ಒಳಗೆ ಹೋಗುತ್ತದೆ. ತಾಯಿಯ ಹಾಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಜಿಡ್ಡಿನಿಂದಲೇ ಬರುತ್ತದೆ.

ಎ, ಡಿ, ಇ, ಕೆ ವಿಟಮಿನ್ನುಗಳು ಜಿಡ್ಡಿನಲ್ಲಿ ಕರಗಿಯೇ ಕರುಳನ್ನು ದಾಟಬೇಕು. ನುಗ್ಗೆಸೊಪ್ಪಿನ ಪಲ್ಯ, ಗಜ್ಜರಿ, ಪಪ್ಪಾಯಿಗಳಲ್ಲಿರುವ ಕ್ಯಾರೊಟಿನ್ ಮೈಗೆ ಹತ್ತಲು ಒಗ್ಗರಣೆಯ ಎಣ್ಣೆ ಬೇಕು. ಬರಿಯ ನೀರಿನಲ್ಲಿ ಬೇಯಿಸಿದ ಸೊಪ್ಪೇ ಆರೋಗ್ಯಕರ ಎಂದು ಹಟ ಹಿಡಿದವರು ಸೊಪ್ಪಿನ ಅರ್ಧ ಗುಣವನ್ನು ಕಳೆದುಕೊಳ್ಳುತ್ತಾರೆ.

ಇನ್ನೊಂದು ಅಗತ್ಯ ತಡವಾಗಿ ತಿಳಿಯಿತು. ಜಿಡ್ಡು ಉರುವಲು ಮಾತ್ರ, ಅದಿಲ್ಲದಿದ್ದರೂ ಪಿಷ್ಟ ತಿಂದು ಬದುಕಬಹುದು ಎಂದೇ 1920ರ ದಶಕದವರೆಗೂ ವಿಜ್ಞಾನಿಗಳು ನಂಬಿದ್ದರು. 1929ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಜಿಡ್ಡೇ ಇಲ್ಲದ ಆಹಾರವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳ ಬೆಳವಣಿಗೆ ನಿಂತಿತು, ಚರ್ಮ ಹೊಪ್ಪಳೆಯೆದ್ದಿತು, ಬಾಲದ ತುದಿ ಕೊಳೆಯಿತು. ಲಿನೋಲಿಕ್ ಆಮ್ಲ ಇರುವ ಎಣ್ಣೆಯ ಕೆಲವು ಹನಿ ಬಿದ್ದೊಡನೆ ಚೇತರಿಸಿಕೊಂಡವು. ದೇಹ ತಾನೇ ತಯಾರಿಸಿಕೊಳ್ಳಲಾರದ, ಊಟದಿಂದಲೇ ಬರಬೇಕಾದ ಇಂಥ ಆಮ್ಲಗಳು ಎರಡು: ಒಮೆಗಾ-6 ಬಳಗದ ಲಿನೋಲಿಕ್, ಒಮೆಗಾ-3 ಬಳಗದ ಆಲ್ಫಾ ಲಿನೋಲೆನಿಕ್. ಬಡಮಕ್ಕಳ ಮೊಣಕೈ ಮೊಣಕಾಲುಗಳ ಮೇಲೆ ಮುಳ್ಳಿನಂತೆ ಒರಟಾಗಿ ಏಳುವ, ಕಪ್ಪೆಯ ಚರ್ಮಕ್ಕೆ ಹೋಲಿಸುವ ಗುಳ್ಳೆಗಳಿಗೆ ಈ ಆಮ್ಲಗಳ ಮತ್ತು ಬಿ ಗುಂಪಿನ ವಿಟಮಿನ್ನುಗಳ ಕೊರತೆ ಕಾರಣವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಗುರುತಿಸಿತು. ಕುಸುಬೆ ಎಣ್ಣೆ ಅದಕ್ಕೆ ಮದ್ದಾಯಿತು. ಉತ್ತರ ಕರ್ನಾಟಕದವರು ತಲೆತಲಾಂತರದಿಂದ ಅಡುಗೆಗೆ ಬಳಸಿದ ಎಣ್ಣೆ ಅದು.

ಬಗೆಗಳು

ಜಿಡ್ಡಿನ ಆಮ್ಲಗಳಲ್ಲಿ ಪರ್ಯಾಪ್ತ, ಏಕ ಅಪರ್ಯಾಪ್ತ, ಬಹು ಅಪರ್ಯಾಪ್ತ ಎಂಬ ಮೂರು ಬಗೆ. ಯಾವ ಎಣ್ಣೆಯೂ ಶುದ್ಧವಾಗಿ ಒಂದೇ ಬಗೆಯದಲ್ಲ. ಎಲ್ಲವೂ ಮಿಶ್ರಣ, ಪಾಲು ಮಾತ್ರ ಬೇರೆ. ಕೊಬ್ಬರಿ ಎಣ್ಣೆಯಲ್ಲಿ ಪರ್ಯಾಪ್ತದ ಪಾಲು ಶೇ 90ರ ಹತ್ತಿರ, ತುಪ್ಪದಲ್ಲಿ ಶೇ 60ಕ್ಕೂ ಮೇಲೆ, ತಾಳೆ ಎಣ್ಣೆಯಲ್ಲಿ ಅರ್ಧದಷ್ಟು. ಕಡಲೆಕಾಯಿ ಎಣ್ಣೆಯಲ್ಲಿ ಅದು ಐದನೇ ಒಂದು ಭಾಗ, ಅರ್ಧದಷ್ಟು ಏಕ ಅಪರ್ಯಾಪ್ತ, ಉಳಿದದ್ದು ಬಹು ಅಪರ್ಯಾಪ್ತ. ಸೂರ್ಯಕಾಂತಿ, ಕುಸುಬೆ, ಹುಚ್ಚೆಳ್ಳು ಎಣ್ಣೆಗಳ ಬಹುಪಾಲು ಲಿನೋಲಿಕ್ ಆಮ್ಲವೇ. ಎಳ್ಳೆಣ್ಣೆ ನಡುವಿನದು.

ಒಮೆಗಾ-3 ಮಾತ್ರ ನಮ್ಮ ಅಡುಗೆಮನೆಯಲ್ಲಿ ಅಪರೂಪ. ಸಾಸಿವೆ ಮತ್ತು ಸೋಯಾ ಎಣ್ಣೆಗಳಲ್ಲಿ ಅಷ್ಟಿಷ್ಟು ಇದೆ. ಅಗಸೆಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಧಾರವಾಡ, ವಿಜಯಪುರ, ಬೆಳಗಾವಿಯ ಮನೆಗಳಲ್ಲಿ ಜೋಳದ ರೊಟ್ಟಿಯ ಮಗ್ಗುಲಿಗೆ ಬರುವ ಅಗಸಿ ಹಿಂಡಿ ಈ ಕೊರತೆಯನ್ನು ಯಾರೂ ಹೇಳಿಕೊಡದೆಯೇ ತುಂಬುತ್ತ ಬಂದಿದೆ. ಕರಾವಳಿಯಲ್ಲಿ ಅದೇ ಕೆಲಸವನ್ನು ಬೂತಾಯಿ, ಬಂಗುಡೆ ಮೀನುಗಳು ಮಾಡುತ್ತವೆ. ಅವುಗಳಲ್ಲಿರುವ ಒಮೆಗಾ-3 ದೇಹಕ್ಕೆ ನೇರವಾಗಿ ಒದಗುವ ರೂಪದ್ದು. ಹಳೆ ಮೈಸೂರಿನ ಸಸ್ಯಾಹಾರಿ ಮನೆಗಳಿಗೆ ಇವೆರಡೂ ಇಲ್ಲ. ಹುಚ್ಚೆಳ್ಳಿನ ಚಟ್ನಿಪುಡಿ ರುಚಿಯಲ್ಲಿ ಅಗಸಿ ಹಿಂಡಿಯ ತಂಗಿಯಾದರೂ ಜಿಡ್ಡಿನ ಲೆಕ್ಕದಲ್ಲಿ ಅದು ಒಮೆಗಾ-6ರ ಕಡೆಯದು. ಊಟದಲ್ಲಿ ಒಮೆಗಾ-6 ಮತ್ತು ಒಮೆಗಾ-3ರ ಪ್ರಮಾಣ 5:1ರಿಂದ 10:1ರ ನಡುವೆ ಇರಲಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಸೂರ್ಯಕಾಂತಿ ಎಣ್ಣೆಯೊಂದನ್ನೇ ವರ್ಷವಿಡೀ ಬಳಸುವ ಮನೆಯಲ್ಲಿ ಈ ಪ್ರಮಾಣ ಎಷ್ಟೋ ದಾಟಿಹೋಗುತ್ತದೆ. ಎಣ್ಣೆಗಳನ್ನು ಬದಲಿಸುತ್ತ ಬಳಸಿ ಎಂಬ ಸಲಹೆಯ ಹಿಂದೆ ಇರುವುದು ಇದೇ ಲೆಕ್ಕ.

ಅಂಕಿ ಬಂದ ದಾರಿ

ಜಿಡ್ಡಿಗೂ ಹೃದಯದ ಕಾಯಿಲೆಗೂ ನಂಟು ಹಾಕಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಆನ್ಸೆಲ್ ಕೀಸ್ ಅವರದು. 1958ರಲ್ಲಿ ಶುರುವಾದ ಅವರ ಏಳು ದೇಶಗಳ ಅಧ್ಯಯನದಲ್ಲಿ ಎಲ್ಲರೂ ನೆನಪಿಟ್ಟುಕೊಂಡದ್ದು ಜಿಡ್ಡು ಹೆಚ್ಚಿದರೆ ಹೃದಯಾಘಾತ ಹೆಚ್ಚು ಎಂಬ ಸಾರಾಂಶವನ್ನು. ಆದರೆ ಅದೇ ಅಧ್ಯಯನದೊಳಗೆ ಇನ್ನೊಂದು ಸಂಗತಿಯಿತ್ತು. ಗ್ರೀಸಿನ ಕ್ರೀಟ್ ದ್ವೀಪದ ರೈತರೂ ಪೂರ್ವ ಫಿನ್ಲೆಂಡಿನ ಮರಕಡಿಯುವವರೂ ಶಕ್ತಿಯ ಶೇ 40ರ ಆಸುಪಾಸು ಜಿಡ್ಡಿನಿಂದಲೇ ಪಡೆಯುತ್ತಿದ್ದರು. ಕ್ರೀಟಿನಲ್ಲಿ ಹೃದಯಾಘಾತ ಅಪರೂಪ, ಫಿನ್ಲೆಂಡಿನಲ್ಲಿ ಅತಿ ಹೆಚ್ಚು. ಕ್ರೀಟಿನವರ ತಟ್ಟೆಯಲ್ಲಿ ಆಲಿವ್ ಎಣ್ಣೆಯಿತ್ತು, ಫಿನ್ಲೆಂಡಿನವರ ತಟ್ಟೆಯಲ್ಲಿ ಬೆಣ್ಣೆ ಮತ್ತು ಕೆನೆಹಾಲು. ಒಟ್ಟು ಮೊತ್ತ ಒಂದೇ ಇದ್ದರೂ ಫಲ ಬೇರೆ. 1972ರಲ್ಲಿ ಫಿನ್ಲೆಂಡಿನ ಉತ್ತರ ಕರೇಲಿಯದಲ್ಲಿ ಪೆಕ್ಕಾ ಪುಸ್ಕಾ ನೇತೃತ್ವದಲ್ಲಿ ಶುರುವಾದ ಯೋಜನೆ ಬೆಣ್ಣೆಯ ಬದಲು ಸಸ್ಯದ ಎಣ್ಣೆ, ಉಪ್ಪು ಮತ್ತು ತಂಬಾಕಿನ ಕಡಿತ, ತರಕಾರಿ ಇವನ್ನು ಮನೆಮನೆಗೆ ಒಯ್ದಿತು. ಮುಂದಿನ ನಾಲ್ಕು ದಶಕಗಳಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು ಶೇ 80ಕ್ಕೂ ಹೆಚ್ಚು ಇಳಿಯಿತು.

ಅಮೆರಿಕ ಹಿಡಿದದ್ದು ಬೇರೆ ದಾರಿ. 1977ರಲ್ಲಿ ಸೆನೆಟರ್ ಜಾರ್ಜ್ ಮ್ಯಾಕ್‌ಗವರ್ನ್ ಅಧ್ಯಕ್ಷತೆಯ ಸಮಿತಿ ಜಿಡ್ಡನ್ನು ಶೇ 40ರಿಂದ 30ಕ್ಕೆ ಇಳಿಸಿ ಎಂದಿತು. ಸಕ್ಕರೆ ಇಳಿಸಿ ಎಂದೂ ಹೇಳಿತ್ತು. ಮಾರುಕಟ್ಟೆ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಿತು. ಜಿಡ್ಡು ರಹಿತ ಎಂಬ ಹೆಸರಿನಲ್ಲಿ ಸಕ್ಕರೆ, ಮೈದಾ ತುಂಬಿದ ಬಿಸ್ಕತ್ತುಗಳು ಅಂಗಡಿ ತುಂಬಿದವು. 1992ರಲ್ಲಿ ಬಂದ ಸ್ನ್ಯಾಕ್‌ವೆಲ್ಸ್ ಅವುಗಳಲ್ಲೆಲ್ಲ ಹೆಸರು ಮಾಡಿತು. ಜನ ಜಿಡ್ಡಿಲ್ಲವೆಂದು ಪೊಟ್ಟಣವನ್ನೇ ಖಾಲಿ ಮಾಡಿದರು.

ಆಮೇಲೆ ಈ ಸಲಹೆಯ ಪರೀಕ್ಷೆಯೂ ನಡೆಯಿತು. ಅಮೆರಿಕದ 48,835 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಗುಂಪು ಜಿಡ್ಡನ್ನು ಶೇ 20ಕ್ಕೆ ಇಳಿಸಲು ಯತ್ನಿಸಿತು. ಎಂಟು ವರ್ಷಗಳ ಬಳಿಕ, 2006ರಲ್ಲಿ ಫಲಿತಾಂಶ ಬಂದಾಗ ಹೃದಯಾಘಾತದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸ್ಪೇನಿನ ಪ್ರೆಡಿಮೆಡ್ ಪ್ರಯೋಗ ತದ್ವಿರುದ್ಧ ಹಾದಿ ಹಿಡಿದು, ಜಿಡ್ಡು ಕಳೆಯಿರಿ ಎನ್ನದೆ ಆಲಿವ್ ಎಣ್ಣೆ ಅಥವಾ ದಿನಕ್ಕೆ 30 ಗ್ರಾಂ ಅಕ್ರೋಟು, ಬಾದಾಮಿಯಂಥ ಬೀಜಗಳನ್ನು ಕೈಗೇ ಕೊಟ್ಟಿತು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಸುಮಾರು ಶೇ 30ರಷ್ಟು ಇಳಿದವು ಎಂದು 2013ರಲ್ಲಿ ವರದಿಯಾಯಿತು. ಕೆಲವರನ್ನು ಗುಂಪುಗಳಿಗೆ ಹಂಚುವಲ್ಲಿ ಲೋಪವಾಗಿದ್ದುದರಿಂದ 2018ರಲ್ಲಿ ಆ ಪ್ರಬಂಧವನ್ನು ಹಿಂತೆಗೆದುಕೊಂಡು, ಲೆಕ್ಕ ತಿದ್ದಿ ಮತ್ತೆ ಪ್ರಕಟಿಸಿದರು. ತೀರ್ಮಾನ ಹೆಚ್ಚು ಬದಲಾಗಲಿಲ್ಲ. ಪರ್ಯಾಪ್ತ ಜಿಡ್ಡನ್ನು ಇಳಿಸಿದ 15 ಪ್ರಯೋಗಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದಕ್ಕೆ ಹೊಂದುತ್ತದೆ: ಇಳಿಸಿದರೆ ಹೃದಯ ರಕ್ತನಾಳದ ತೊಂದರೆ ಕಡಿಮೆ, ಆ ಜಾಗಕ್ಕೆ ಬಹು ಅಪರ್ಯಾಪ್ತ ಬಂದಾಗ ಲಾಭ ಸ್ಪಷ್ಟ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡ ಪ್ಯೂರ್ ಅಧ್ಯಯನ 2017ರಲ್ಲಿ ಗದ್ದಲ ಎಬ್ಬಿಸಿತು. 18 ದೇಶಗಳ 1,35,335 ಜನರಲ್ಲಿ ಅತಿ ಹೆಚ್ಚು ಪಿಷ್ಟ ತಿನ್ನುವವರಲ್ಲಿ ಸಾವು ಹೆಚ್ಚು, ಹೆಚ್ಚು ಜಿಡ್ಡು ತಿನ್ನುವವರಲ್ಲಿ ಕಡಿಮೆ ಎಂದು ಅದು ಹೇಳಿತು. ಪತ್ರಿಕೆಗಳು ಇದನ್ನು ತುಪ್ಪದ ಗೆಲುವು ಎಂಬಂತೆ ಬರೆದವು. ಅಕ್ಕಿ, ಸಕ್ಕರೆಯಿಂದಲೇ ಹೊಟ್ಟೆ ತುಂಬಿಸಿಕೊಳ್ಳುವವರು ಬಹುತೇಕ ಬಡವರು, ಅವರ ಸಾವಿಗೆ ಬಡತನದ ಇತರ ಕಾರಣಗಳೂ ಇರುತ್ತವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಇಂಥದೇ ಗೊಂದಲ ನಮ್ಮಲ್ಲಿ ಅರ್ಧ ಶತಮಾನ ಮೊದಲೇ ಕಂಡಿತ್ತು. ರೈಲ್ವೆ ವೈದ್ಯ ಎಸ್.ಎಲ್. ಮಲ್ಹೋತ್ರ 1967ರಲ್ಲಿ ರೈಲ್ವೆ ನೌಕರರನ್ನು ಹೋಲಿಸಿದಾಗ, ಹಾಲು ತುಪ್ಪ ಧಾರಾಳವಾಗಿ ತಿನ್ನುವ ಪಂಜಾಬಿಗಳಿಗಿಂತ, ಕಡಿಮೆ ಜಿಡ್ಡು ತಿನ್ನುವ ದಕ್ಷಿಣದವರಲ್ಲಿ ಹೃದ್ರೋಗ ಏಳು ಪಟ್ಟು ಹೆಚ್ಚಿತ್ತು. ಇಷ್ಟರಿಂದಲೇ ತುಪ್ಪಕ್ಕೆ ಕಿರೀಟ ತೊಡಿಸಬೇಕಿಲ್ಲ. ಜಿಡ್ಡೊಂದನ್ನೇ ಕಟಕಟೆಗೆ ಹತ್ತಿಸುವಂತಿಲ್ಲ ಎನ್ನಲು ಮಾತ್ರ ಇದು ಸಾಕು.

ಈಗಿನ ಮಿತಿಗಳು

ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಒಟ್ಟು ಜಿಡ್ಡು ಶೇ 30 ಮೀರದಿರಲಿ, ಪರ್ಯಾಪ್ತ ಶೇ 10 ಮೀರದಿರಲಿ, ಟ್ರಾನ್ಸ್ ಜಿಡ್ಡು (ಇದರ ವಿವರ ಮುಂದಿದೆ) ಶೇ 1 ಮೀರದಿರಲಿ ಎಂದಿತು. ಕಳೆದ ಪರ್ಯಾಪ್ತದ ಜಾಗವನ್ನು ಅಪರ್ಯಾಪ್ತ ಜಿಡ್ಡು ಇಲ್ಲವೇ ನಾರಿರುವ ಕಾಳು, ತರಕಾರಿ, ಹಣ್ಣುಗಳು ತುಂಬಲಿ ಎಂಬ ಮಾತನ್ನೂ ಈ ಸಲ ಸೇರಿಸಿತು. ಕೆಳಗಿನ ಮಿತಿಯೂ ಒಂದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೊಡನೆ ನಡೆಸಿದ 2008ರ ತಜ್ಞರ ಸಮಾಲೋಚನೆ ಯಾರಿಗೂ ಶೇ 15ಕ್ಕಿಂತ ಕಡಿಮೆಯಾಗಬಾರದು, ಹೆರುವ ವಯಸ್ಸಿನ ಹೆಂಗಸರಿಗೆ ಮತ್ತು ತೀರ ಸಣಕಲಾದವರಿಗೆ ಶೇ 20 ಇರಲೇಬೇಕು ಎಂದಿತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ಈ ಮೇಲ್ಮಿತಿಗಳು ಅನ್ವಯಿಸುವುದಿಲ್ಲ.

ಭಾರತದಲ್ಲಿ ಮಿತಿಯನ್ನು ಹೇಳುವ ರೂಢಿ ಬೇರೆ. ಇಲ್ಲಿ ಒಟ್ಟು ಜಿಡ್ಡಿಗಿಂತ ಕಣ್ಣಿಗೆ ಕಾಣುವ ಎಣ್ಣೆ, ತುಪ್ಪ, ಬೆಣ್ಣೆಗಳ ತೂಕವನ್ನೇ ಹೇಳುತ್ತಾರೆ. ಅಡುಗೆ ಮಾಡುವವರ ಕೈಗೆ ಸಿಗುವುದು ಅದೊಂದೇ. 2010ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೂತು ಕೆಲಸ ಮಾಡುವ ಗಂಡಸಿಗೆ 25 ಗ್ರಾಂ, ಹೆಂಗಸಿಗೆ 20 ಗ್ರಾಂ ಎಂದಿತ್ತು. ಮೈಮುರಿದು ದುಡಿಯುವವರಿಗೆ 40 ಮತ್ತು 30. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2000 ಕಿಲೋಕ್ಯಾಲೊರಿಯ ತಟ್ಟೆಗೆ ಎಣ್ಣೆ ತುಪ್ಪ ಸೇರಿ 27 ಗ್ರಾಂ, ಅಂದರೆ ಆರು ಚಿಕ್ಕ ಚಮಚ.

ವಾಸ್ತವ ಬೇರೆಯೇ ಇದೆ. ದೇಶದ ತಲಾ ಖಾದ್ಯತೈಲ ಬಳಕೆ ವರ್ಷಕ್ಕೆ 19.7 ಕಿಲೋ ಎಂದು ನೀತಿ ಆಯೋಗ 2024ರಲ್ಲಿ ವರದಿ ಮಾಡಿತು. ದಿನಕ್ಕೆ 54 ಗ್ರಾಂ, ಹೇಳಿದ್ದರ ಎರಡರಷ್ಟು. ಇದರಲ್ಲಿ ಹೋಟೆಲು, ಬೇಕರಿ, ಕುರುಕಲು ತಿಂಡಿಯ ಕಾರ್ಖಾನೆಗಳ ಬಳಕೆಯೂ ಚೆಲ್ಲಿಹೋದದ್ದೂ ಸೇರಿದೆ. ಬಡವರ ಪಾಲಿಗೆ ಇಷ್ಟು ಬರುವುದೂ ಇಲ್ಲ. 2025ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಎಣ್ಣೆಯನ್ನು ಶೇ 10 ಕಡಿಮೆ ಮಾಡಿ ಎಂದು ಜನರಿಗೆ ಕರೆ ಕೊಟ್ಟರು. ಕರೆ ಸರಿಯೇ. ಆದರೆ ಅದೇ ವರ್ಷ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯೊಂದು ಭಾರತೀಯರ ಶಕ್ತಿಯ ಶೇ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತದೆ, ಅದರಲ್ಲೂ ಬಿಳಿ ಅಕ್ಕಿ ಮತ್ತು ನುಣ್ಣಗೆ ಬೀಸಿದ ಹಿಟ್ಟುಗಳದೇ ಮೇಲುಗೈ ಎಂದು ತೋರಿಸಿತು. ಎಣ್ಣೆ ಉಳಿಸಿದ ಜಾಗಕ್ಕೆ ಇನ್ನೊಂದು ಸೌಟು ಅನ್ನ ಬಂದರೆ ಸಕ್ಕರೆ ಕಾಯಿಲೆಯ ನಾಡಿಗೆ ಅದರಿಂದ ಲಾಭವಿಲ್ಲ. ಬೇಳೆ, ಕಾಳು, ಮೊಸರು ಬಂದರೆ ಉಂಟು.

ಒಂದು ದಿನದ ತಟ್ಟೆ

ಮೈಸೂರು ಸೀಮೆಯ ಒಂದು ಸಾಧಾರಣ ದಿನವನ್ನು ಗ್ರಾಮಿನಲ್ಲಿ ಬಿಡಿಸಿ ನೋಡಬಹುದು. ಬೆಳಿಗ್ಗೆ ಎರಡು ದೋಸೆ, ಕಾವಲಿಗೆ ಎರಡು ಚಮಚ ಎಣ್ಣೆ: 9 ಗ್ರಾಂ. ಜೊತೆಗೆ ಕಾಯಿಚಟ್ನಿ, 25 ಗ್ರಾಂ ತುರಿಯಲ್ಲಿ ಸುಮಾರು 9. ದಿನದ ಎರಡು ಕಾಫಿಗೆ 150 ಮಿಲಿ ನಂದಿನಿ ನೀಲಿ ಪ್ಯಾಕೆಟ್ಟಿನ ಹಾಲು, ಅದರಲ್ಲಿ ಜಿಡ್ಡು ಶೇ 3, ಅಂದರೆ 4.5 ಗ್ರಾಂ. ಮಧ್ಯಾಹ್ನ ಮುದ್ದೆ, ಅನ್ನ, ಸೊಪ್ಪಿನ ಸಾರು, ಹುರುಳಿಕಾಯಿ ಪಲ್ಯ; ಒಗ್ಗರಣೆಗೂ ಪಲ್ಯಕ್ಕೂ ಸೇರಿ ತಲಾ ಎರಡು ಚಮಚ, ಮತ್ತೆ 9. ಒಂದು ಬಟ್ಟಲು ಮೊಸರು, 3. ಸಂಜೆ ಒಂದು ಹಿಡಿ ಹುರಿದ ಕಡಲೆಕಾಯಿ, 30 ಗ್ರಾಮಿನಲ್ಲಿ 12. ರಾತ್ರಿ ಅನ್ನದ ಮೇಲೆ ಒಂದು ಚಮಚ ತುಪ್ಪ, 4.5. ದಿನವಿಡೀ ತಿಂದ ಅಕ್ಕಿ, ರಾಗಿ, ಬೇಳೆಗಳ ಒಳಗಿನದು ಒಂದು 4.

ಕೂಡಿದರೆ 55 ಗ್ರಾಂ, ಶಕ್ತಿಯ ಶೇ 25. ಕಾಣುವ ಜಿಡ್ಡು 22.5 ಗ್ರಾಂ ಮಾತ್ರ, ಅರ್ಧಕ್ಕಿಂತ ಕಡಿಮೆ. ಎರಡು ಅಳತೆಯಲ್ಲೂ ಈ ತಟ್ಟೆ ಪಾಸು. ಪರ್ಯಾಪ್ತವನ್ನು ಬೇರೆ ಮಾಡಿ ನೋಡಿದರೆ ಮಾತ್ರ ಕಾಯಿ, ಹಾಲು, ಮೊಸರು, ತುಪ್ಪಗಳಿಂದಲೇ ಹದಿನೈದರ ಮೇಲಾಗಿ, ಎಣ್ಣೆ ಮತ್ತು ಕಡಲೆಕಾಯಿಯ ಪಾಲು ಸೇರಿ 20ರಿಂದ 22 ಗ್ರಾಂ ಮುಟ್ಟುತ್ತದೆ. ಇದರ ಮಿತಿ 22 ಗ್ರಾಂ. ಅಂಚಿನ ಮೇಲೆ ನಿಂತಿರುವ ಈ ತಟ್ಟೆಗೆ ಒಂದು ಪಾವು ಹಿಟ್ಟಿಗೆ ಎರಡು ಪಾವು ತುಪ್ಪ ಕುಡಿದ ಮೈಸೂರು ಪಾಕಿನ ತುಂಡೋ, ಬೇಕರಿಯ ಪಫ್ಸೋ ಬಿದ್ದರೆ ಸಾಕು, ಗೆರೆ ದಾಟುತ್ತದೆ. ಚಟ್ನಿಯಲ್ಲಿ ಕಾಯಿ ಅರ್ಧ ಮಾಡಿ ಹುರಿಗಡಲೆ ಹೆಚ್ಚಿಸಿದರೆ ನಾಲ್ಕು ಗ್ರಾಂ ಹಿಂದೆ ಸರಿಯುತ್ತದೆ. ವಾರಕ್ಕೆರಡು ದಿನ ದಾವಣಗೆರೆಯ ಬೆಣ್ಣೆದೋಸೆ ಬೇಕೇ ಬೇಕು ಎನ್ನುವವರು ಆ ದಿನ ತುಪ್ಪ ಬಿಡುವುದು ಒಳ್ಳೆಯ ರಾಜಿ.

ಈ ಲೆಕ್ಕದಲ್ಲಿ ಚಮಚ ಎಂದದ್ದು 5 ಮಿಲಿಯ ಚಿಕ್ಕ ಚಮಚವನ್ನು. ಮನೆಗಳಲ್ಲಿ ಎಣ್ಣೆ ಬೀಳುವುದು ಕೈಯಂದಾಜಿನಲ್ಲಿ. ಕೆಮ್ಮಿನ ಔಷಧದ ಬಾಟಲಿಯ ಅಳತೆ ಮುಚ್ಚಳ ಹಿಡಿದು ಒಗ್ಗರಣೆ ಸೌಟಿನ ಗುಂಡಿಯನ್ನು ಅಳೆದರೆ, ಸ್ವಲ್ಪವೇ ಹಾಕಿದ್ದು ಎಂದುಕೊಂಡದ್ದು ಎಷ್ಟೋ ಸಲ ಐದಾರು ಚಮಚ ಇರುತ್ತದೆ.

ತುಪ್ಪ, ಕೊಬ್ಬರಿ ಎಣ್ಣೆ, ಗಾಣದೆಣ್ಣೆ

ಈ ಮೂರರ ಬಗ್ಗೆ ಭಕ್ತಿ ಮತ್ತು ಭಯ ಎರಡೂ ಅತಿ. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲ ಒಳ್ಳೆಯ ಕೊಲೆಸ್ಟ್ರಾಲನ್ನು ಏರಿಸುತ್ತದೆ ಎಂಬುದು ನಿಜ. ಅದರ ಜೊತೆಗೇ ಕೆಟ್ಟದ್ದನ್ನೂ, ಕಡಲೆಕಾಯಿ ಸೂರ್ಯಕಾಂತಿಯಂಥ ಎಣ್ಣೆಗಳಿಗಿಂತ ಹೆಚ್ಚಾಗಿ, ಏರಿಸುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಮೀನು, ಕುಚ್ಚಲಕ್ಕಿ, ತರಕಾರಿಯ ಜೊತೆ ಕರಾವಳಿಯಲ್ಲಿ ಬಳಸುವ ಕೊಬ್ಬರಿ ಎಣ್ಣೆಗೂ ಕಾಫಿಗೆ ಚಮಚಗಟ್ಟಲೆ ಸುರಿದು ಕುಡಿಯುವ ಹೊಸ ಖಯಾಲಿಗೂ ಹೋಲಿಕೆಯಿಲ್ಲ. ತುಪ್ಪ ಚಮಚದ ಮಟ್ಟದಲ್ಲಿ ಇದ್ದರೆ ತಂಟೆಯಿಲ್ಲ. ಮರದ ಗಾಣದ ಎಣ್ಣೆಗೆ ಕಾಳಿನ ಪರಿಮಳವೂ ವಿಟಮಿನ್ ಇ ಅಂಶವೂ ಹೆಚ್ಚು ಉಳಿದಿರುತ್ತದೆ. ಗ್ರಾಮಿಗೆ ಕ್ಯಾಲೊರಿ ಮಾತ್ರ ಅದೇ 9. ಇನ್ನು ಕೊಲೆಸ್ಟ್ರಾಲ್ ರಹಿತ ಎಂದು ಎಣ್ಣೆಯ ಪ್ಯಾಕೆಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆಯುವುದು, ನೀರಿನ ಬಾಟಲಿಯ ಮೇಲೆ ಮೂಳೆ ರಹಿತ ಎಂದು ಬರೆದ ಹಾಗೆ. ಸಸ್ಯದ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇರುವುದೇ ಇಲ್ಲ.

ಟ್ರಾನ್ಸ್ ಜಿಡ್ಡು ಮತ್ತು ಕಾದ ಎಣ್ಣೆ

ಎಷ್ಟು ಎಂಬ ಪ್ರಶ್ನೆಗೆ ತಕರಾರಿಲ್ಲದೆ ಸೊನ್ನೆ ಎನ್ನಬಹುದಾದ ಒಂದೇ ಜಿಡ್ಡು ಕಾರ್ಖಾನೆಯ ಟ್ರಾನ್ಸ್ ಜಿಡ್ಡು. 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ದ್ರವ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡುವ ವಿಧಾನ ಕಂಡುಹಿಡಿದರು. ಅದರ ಕೂಸಾದ ವನಸ್ಪತಿ 1937ರಿಂದ ಡಾಲ್ಡಾ ಹೆಸರಿನಲ್ಲಿ ಭಾರತದ ಅಡುಗೆಮನೆ ಹೊಕ್ಕಿತು. ಹಳದಿ ಡಬ್ಬಿಯ ಮೇಲಿನ ತೆಂಗಿನಮರ ಎರಡು ತಲೆಮಾರಿಗೆ ಪರಿಚಿತ. ಅರೆಬರೆ ಹೈಡ್ರೋಜನ್ ಸೇರಿದಾಗ ಹುಟ್ಟುವ ಟ್ರಾನ್ಸ್ ಆಮ್ಲ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ ಮತ್ತು ಜಿಡ್ಡುಗಳಲ್ಲಿ ಅದರ ಮಿತಿಯನ್ನು 2021ರಲ್ಲಿ ಶೇ 3ಕ್ಕೆ, 2022ರ ಜನವರಿಯಿಂದ ಶೇ 2ಕ್ಕೆ ಇಳಿಸಿತು. ಬೇಕರಿಗಳು ಈಗ ಗಟ್ಟಿತನಕ್ಕೆ ತಾಳೆ ಎಣ್ಣೆಯ ಜಿಡ್ಡನ್ನು ನೆಚ್ಚಿಕೊಂಡಿವೆ. ಟ್ರಾನ್ಸ್ ಹೋಯಿತು, ಪರ್ಯಾಪ್ತ ಬಂತು. ಅದೇ ಹಳೆಯ ಕಥೆ.

ಬಜ್ಜಿ ಬೋಂಡದ ಬಾಣಲೆಯಲ್ಲಿ ಮತ್ತೆ ಮತ್ತೆ ಕಾದ ಎಣ್ಣೆ ಒಡೆದು ಬೇರೆ ವಸ್ತುಗಳಾಗುತ್ತದೆ. ನೊರೆ ಹೆಚ್ಚುವುದು, ಬಣ್ಣ ಕಪ್ಪಾಗುವುದು, ಕೈಗೆ ಅಂಟಂಟಾಗುವುದು ಅದರ ಗುರುತು. ಒಡೆದ ಅಂಶ ಶೇ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಕೂಡದು ಎಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ, ಅಂಥ ಎಣ್ಣೆಯನ್ನು ಜೈವಿಕ ಡೀಸೆಲ್ ಮಾಡಲು ಸಂಗ್ರಹಿಸುವ ವ್ಯವಸ್ಥೆಯೂ ಇದೆ. ಮನೆಯಲ್ಲಿ ಪೂರಿ ಕರಿದು ಉಳಿದ ಎಣ್ಣೆಯನ್ನು ಸೋಸಿಟ್ಟು ಮತ್ತೆ ಕರಿಯುವ ಬದಲು ಒಂದೆರಡು ದಿನದೊಳಗೆ ಒಗ್ಗರಣೆಗೆ ಬಳಸಿ ಮುಗಿಸಿ ಎಂದು ಪೋಷಣಾ ತಜ್ಞರು ಹೇಳುತ್ತಾರೆ.

ಮನೆಯ ಅಳತೆ

ದಿನದಿನವೂ ಗ್ರಾಂ ಲೆಕ್ಕ ಯಾವ ಅಡುಗೆಮನೆಯಲ್ಲೂ ನಡೆಯದು, ತಿಂಗಳ ಲೆಕ್ಕ ನಡೆದೀತು. ನಾಲ್ಕು ಜನ ವಯಸ್ಕರ ಮನೆಗೆ ದಿನಕ್ಕೆ 27 ಗ್ರಾಮಿನಂತೆ ತಿಂಗಳಿಗೆ 3.2 ಕಿಲೋ, ಎಣ್ಣೆಯ ಅಳತೆಯಲ್ಲಿ ಮೂರೂವರೆ ಲೀಟರು. ಇದರಲ್ಲಿ ಅರ್ಧ ಕಿಲೋ ತುಪ್ಪ ತಂದರೆ ಎಣ್ಣೆಗೆ ಉಳಿಯುವುದು ಮೂರು ಲೀಟರಿಗಿಂತ ತುಸು ಕಡಿಮೆ. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆದಿಟ್ಟರೆ ಸಾಕು. ಹತ್ತು ದಿನ ಬರಬೇಕಾದ ಲೀಟರು ಆರೇ ದಿನಕ್ಕೆ ಮುಗಿದರೆ ಯಾವ ರಕ್ತಪರೀಕ್ಷೆಗಿಂತ ಮೊದಲೇ ಅದು ಗೊತ್ತಾಗುತ್ತದೆ. ಹಬ್ಬದ ತಿಂಗಳು ಬೇರೆ. ವಾರಕ್ಕೆ ಮೂರು ಸಲ ಹೊರಗೆ ತಿನ್ನುವ ಮನೆಯಾದರೆ ಅರ್ಧ ಲೀಟರೋ ಮುಕ್ಕಾಲೋ ಇನ್ನೂ ಇಳಿಸಿಕೊಳ್ಳಬೇಕು, ಏಕೆಂದರೆ ಹೋಟೆಲಿನವರು ಬಿಟ್ಟ ಎಣ್ಣೆಗೆ ಈ ಪ್ಯಾಕೆಟ್ಟಿನಲ್ಲಿ ತಾರೀಕಿಲ್ಲ.